ಉಳ್ಳಾರ್ತಿಯ ಬೇಲಿ, ಓಟಿಯ ಪೆಡಲ್

ಚಳ್ಳಕೆರೆ ಸೀಮೆಯಲ್ಲಿ ‘ರೇಡಿಯೇಶನ್’ ಎಂದರೆ ಎಲ್ಲರ ಬೆರಳೂ ಒಂದೇ ದಿಕ್ಕಿಗೆ ತಿರುಗುತ್ತದೆ: ಉಳ್ಳಾರ್ತಿ ಕಾವಲಿನ ಕಡೆಗೆ. 2007ರಿಂದ 2010ರ ನಡುವೆ ಇಲ್ಲಿನ ಅಮೃತಮಹಲ್ ಕಾವಲುಗಳು ಸದ್ದಿಲ್ಲದೆ ಕೈ ಬದಲಾದವು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಡಿಆರ್‌ಡಿಒಗೆ 4,290, ಇಸ್ರೋಗೆ 573, ಉಳ್ಳಾರ್ತಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ (ಬಿಎಆರ್‌ಸಿ) 1,810. ಕುರಿ, ದನ ಮೇಯಿಸುತ್ತಿದ್ದವರಿಗೆ ಸುದ್ದಿ ಮುಟ್ಟಿದ್ದು ಬೇಲಿ, ಗೋಡೆ ಎದ್ದಾಗ. ಹಸಿರು ನ್ಯಾಯಮಂಡಳಿಯವರೆಗೆ ಹೋದ ಆ ಜಗಳದಲ್ಲಿ ನಾನು ಊರವರ ಪಕ್ಷ. ಯುರೇನಿಯಂ ಸಂವರ್ಧನೆಗೆ ಸಂಬಂಧಪಟ್ಟ ಘಟಕವೊಂದು ಪಕ್ಕದಲ್ಲಿ ಬರುವಾಗ ಜನ ಪ್ರಶ್ನೆ ಕೇಳದಿದ್ದರೆ ಅದೇ ವಿಚಿತ್ರ.

ನನ್ನ ತಕರಾರು ಬೇರೆಯದು. ವಿಕಿರಣ ಅನ್ನುವುದು ಆ ಬೇಲಿಯ ಆಚೆಗಿನ ಸಂಗತಿ, ಆಸ್ಪತ್ರೆಯ ಒಳಗಿರುವುದು ಬರೀ ‘ಫೋಟೊ ತೆಗೆಯೋದು’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಹಳ್ಳಿಯವರದು ಮಾತ್ರವಲ್ಲ ಇದು. ಬೆನ್ನುಮೂಳೆಯ ಆಪರೇಷನ್ ಮಾಡುವ ಕೋಣೆಯಲ್ಲಿ, ಎಂದರೆ ಓಟಿಯಲ್ಲಿ, ದಿನ ಬೆಳಗಾದರೆ ನಿಲ್ಲುವವರು ಕೂಡ ಇದನ್ನೇ ನಂಬಿದ್ದಾರೆ. ಊರಿನ ಆಸ್ಪತ್ರೆಯಲ್ಲಿ ಈ ನಂಬಿಕೆ ‘ಏಪ್ರನ್ ಹಾಕ್ಕೊಂಡಿದೀವಲ್ಲ, ಏನಾಗಲ್ಲ ಬಿಡಿ’ ಎನ್ನುತ್ತದೆ. ಬೆಂಗಳೂರಿನ ದೊಡ್ಡಾಸ್ಪತ್ರೆಯ ಜಾಹೀರಾತಿನಲ್ಲಿ ಅದೇ ನಂಬಿಕೆ ‘ನಮ್ಮಲ್ಲಿ ರೋಬೋಟ್ ಇದೆ, ವಿಕಿರಣದ ಚಿಂತೆ ಬೇಡ’ ಎನ್ನುತ್ತದೆ. ಎರಡರ ತಿರುಳೂ ಒಂದೇ: ವಿಕಿರಣವನ್ನು ತಡೆಯುವುದು ಒಂದು ವಸ್ತು, ಅದನ್ನು ಕೊಂಡರೆ ಮುಗಿಯಿತು. ನಾನು ಇದನ್ನು ಒಪ್ಪುವುದಿಲ್ಲ. ಆ ಕೋಣೆಯಲ್ಲಿ ಎಷ್ಟು ವಿಕಿರಣ ಯಾರ ಮೈಗೆ ಹೋಗುತ್ತದೆ ಎಂಬುದು ಬಹುಪಾಲು ತೀರ್ಮಾನವಾಗುವುದು ಕಿರಣ ಬಿಡುವ ಪೆಡಲಿನ ಮೇಲಿರುವ ಪಾದದಿಂದ, ನಿಂತ ಜಾಗದಿಂದ, ‘ಶೂಟ್’ ಎಂದು ಹೇಳುವ ಬಾಯಿಂದ.

ಮೊದಲು ಆ ಕೋಣೆಯೊಳಗೆ ಹೋಗೋಣ. ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊತ್ತು ಹೊತ್ತು ಬೆನ್ನು ಮುರಿದುಕೊಂಡವನೋ, ಮೊಳಕಾಲ್ಮುರಿನ ಗುಂಡಿಮಗ್ಗದ ಮುಂದೆ ಮೂವತ್ತು ವರ್ಷ ಬಾಗಿ ಕೂತವನೋ, ಟ್ರಾಕ್ಟರ್ ಮಗುಚಿ ಬಿದ್ದವನೋ ಬೋರಲಾಗಿ ಮಲಗಿದ್ದಾನೆ. ಸಡಿಲಗೊಂಡ ಎರಡು ಮೂಳೆಗಳನ್ನು ಸ್ಕ್ರೂ ಹಾಕಿ ಬಿಗಿಯಬೇಕು. ಸ್ಕ್ರೂ ಹಾದುಹೋಗಬೇಕಾದ ಪೆಡಿಕಲ್ ಎಂಬ ಸಣ್ಣ ಮೂಳೆಸೇತುವೆ ಸೊಂಟದ ಭಾಗದಲ್ಲಿ ಒಂದು ಸೆಂಟಿಮೀಟರಿನ ಆಸುಪಾಸು, ಎದೆಯ ಹಿಂಭಾಗದಲ್ಲಿ ಕೆಲವರಿಗೆ ಅರ್ಧ ಸೆಂಟಿಮೀಟರಿಗೂ ಕಡಿಮೆ. ಒಳಮಗ್ಗುಲಿಗೆ ಬೆನ್ನುಹುರಿ, ಕೆಳಗೆ ನರ. ಆದ್ದರಿಂದ ಕಣ್ಣಿಗೆ ಕಾಣದ್ದನ್ನು ಕಾಣಲು ಸಿ-ಆರ್ಮ್ ಬೇಕು. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದ ತೋಳು; ಒಂದು ತುದಿಯಲ್ಲಿ ಕಿರಣ ಹೊರಡುವ ಟ್ಯೂಬ್, ಇನ್ನೊಂದು ತುದಿಯಲ್ಲಿ ಅದನ್ನು ಹಿಡಿದು ಪರದೆಗೆ ಕಳಿಸುವ ದಪ್ಪ ಡಬ್ಬಿ. ಇದಿಲ್ಲದೆ ಎಷ್ಟೋ ಕಡೆ ಸೊಂಟದ ನಾಲ್ಕನೇ ಮೂಳೆಯ (ಎಲ್4) ಬದಲು ಮೂರನೆಯದಕ್ಕೆ (ಎಲ್3) ಕೈ ಹಾಕುವ ಅಪಾಯವಿದೆ. ಹಾಗಾಗಿ ಸಿ-ಆರ್ಮೇ ಬೇಡ ಎನ್ನುವ ಮೂರ್ಖತನ ನನ್ನದಲ್ಲ.

ಆದರೆ ಅದು ಕೆಲಸ ಮಾಡುವ ಬಗೆಯನ್ನು ನೋಡಿ. ಟ್ಯೂಬಿನಿಂದ ಹೊರಟ ಕಿರಣದ ದೊಡ್ಡ ಪಾಲು ಡಬ್ಬಿಗೆ ಮುಟ್ಟುವುದೇ ಇಲ್ಲ. ಅದು ರೋಗಿಯ ಮೈಯಲ್ಲೇ ಇಂಗುತ್ತದೆ, ಉಳಿದದ್ದರಲ್ಲಿ ಒಂದಷ್ಟು ಮೈಗೆ ಬಡಿದು ಸುತ್ತ ಚದುರುತ್ತದೆ. ಸುತ್ತ ನಿಂತವರಿಗೆ ತಾಗುವುದು ಮುಖ್ಯವಾಗಿ ಈ ಚದುರಿದ ಕಿರಣವೇ. ಅದು ಅತಿ ಹೆಚ್ಚು ಚದುರುವುದು ಕಿರಣ ಮೈಯನ್ನು ಪ್ರವೇಶಿಸುವ ಬದಿಯಲ್ಲಿ, ಎಂದರೆ ಟ್ಯೂಬ್ ಇರುವ ಬದಿಯಲ್ಲಿ. ಕೈ ಮುರಿದಾಗ ಮಣಿಕಟ್ಟಿನ ಚಿತ್ರ ತೆಗೆಯುವುದು ಒಂದು, ಸೊಂಟವನ್ನು ಅಡ್ಡಲಾಗಿ ತೂರಿ ಚಿತ್ರ ತೆಗೆಯುವುದು ಇನ್ನೊಂದು. ಮೈ ದಪ್ಪವಾದಷ್ಟೂ ಯಂತ್ರ ತಾನಾಗಿಯೇ ಶಕ್ತಿ ಏರಿಸಿಕೊಳ್ಳುತ್ತದೆ. 2000ದಲ್ಲಿ ರಾಂಪರ್ಸಾಡ್ ಮತ್ತು ಸಂಗಡಿಗರು ಶವಗಳ ಮೇಲೆ ಸ್ಕ್ರೂ ಹಾಕುತ್ತ ಅಳೆದು ‘ಸ್ಪೈನ್’ ಪತ್ರಿಕೆಯಲ್ಲಿ ಪ್ರಕಟಿಸಿದರು: ಬೇರೆ ಮೂಳೆ ಆಪರೇಷನ್‌ಗಳಿಗೆ ಹೋಲಿಸಿದರೆ ಬೆನ್ನಿನ ಆಪರೇಷನ್‌ನಲ್ಲಿ ಸರ್ಜನ್‌ಗೆ ತಾಗುವ ವಿಕಿರಣದ ದರ 10-12 ಪಟ್ಟಿನವರೆಗೂ ಹೆಚ್ಚು. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಅದೇ ಲೇಖನದ ಇನ್ನೊಂದು ಅಂಕಿ. ಸರ್ಜನ್ ಟ್ಯೂಬಿನ ಕಡೆ ನಿಂತಾಗ ಮುಂಡಕ್ಕೆ ನಿಮಿಷಕ್ಕೆ 53.3 ಮಿಲಿರೆಮ್, ಎದುರು ಬದಿಯಲ್ಲಿ ನಿಂತಾಗ 2.2. ಇಪ್ಪತ್ತಕ್ಕೂ ಹೆಚ್ಚು ಪಟ್ಟು ಅಂತರ. ಟೇಬಲ್ಲಿನ ಈ ಬದಿಯಿಂದ ಆ ಬದಿಗೆ ಹೋಗಲು ಯಾವ ಟೆಂಡರ್ ಕರೆಯಬೇಕು? ಯಾವ ಸಚಿವರು ರಿಬ್ಬನ್ ಕತ್ತರಿಸಬೇಕು?

‘ಏಪ್ರನ್ ಇದೆಯಲ್ಲ’ ಎನ್ನುವವರಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಅರ್ಧ ಮಿಲಿಮೀಟರ್ ಸೀಸಕ್ಕೆ ಸಮನಾದ ಏಪ್ರನ್ ಚದುರಿದ ಕಿರಣದ ಬಹುಪಾಲನ್ನು ತಡೆಯುತ್ತದೆ, ನಿಜ. ತಡೆಯುವುದು ಅದು ಮುಚ್ಚಿದ ಜಾಗದಲ್ಲಿ. ಕಣ್ಣು ಹೊರಗಿದೆ, ಕೈ ಹೊರಗಿದೆ, ಕಾಲರ್ ಇಲ್ಲದಿದ್ದರೆ ಥೈರಾಯ್ಡ್ ಹೊರಗಿದೆ. ತೋಳಿನ ತೆರಪಿನಲ್ಲಿ ಕಂಕುಳ ಪಕ್ಕದ ಎದೆಭಾಗವೂ ಹೊರಗಿದೆ. ಅಮೆರಿಕದ ಮಹಿಳಾ ಮೂಳೆ ಸರ್ಜನ್‌ಗಳ ಸಮೀಕ್ಷೆಗಳಲ್ಲಿ ಸ್ತನ ಕ್ಯಾನ್ಸರ್ ಪ್ರಮಾಣ ಸಾಮಾನ್ಯ ಮಹಿಳೆಯರಿಗಿಂತ ಹೆಚ್ಚು ಕಂಡಿತು; ಸಂಖ್ಯೆ ಸಣ್ಣದು, ಕಾರಣ ಇದೇ ಎಂದು ಯಾರೂ ಆಣೆ ಇಟ್ಟು ಹೇಳಲಾರರು, ಆದರೆ ಆ ತೆರಪನ್ನು ಮುಚ್ಚದೆ ಬಿಡಲು ಅದೊಂದು ನೆಪವಾಗಬಾರದು. ಕಣ್ಣಿನ ಮಸೂರದ ವಿಷಯದಲ್ಲಂತೂ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲಿ ವರ್ಷಕ್ಕೆ 150 ಮಿಲಿಸೀವರ್ಟ್ ಇದ್ದ ಮಿತಿಯನ್ನು ಸರಾಸರಿ 20ಕ್ಕೆ ಇಳಿಸಲು ಹೇಳಿತು. ಹಿಂದೆ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ವಿಕಿರಣಕ್ಕೇ ಪೊರೆ ಬರುತ್ತದೆ ಎಂದು ತಿಳಿದದ್ದೇ ಕಾರಣ. ಸೀಸದ ಕನ್ನಡಕ ಎಷ್ಟು ಓಟಿಗಳಲ್ಲಿದೆ, ನೀವೇ ಹೋಗಿ ಎಣಿಸಿ.

ಏಪ್ರನ್ನಿಗೂ ಆಯುಸ್ಸಿದೆ. ಮಡಚಿ ಇಟ್ಟರೆ ಒಳಗಿನ ಪದರ ಬಿರುಕು ಬಿಡುತ್ತದೆ. ಹೊರಗಿನ ಬಟ್ಟೆ ಹೊಸದರಂತೆಯೇ ಇರುತ್ತದೆ. ಒಂದು ಓಟಿಯಲ್ಲಿ ನಾನು ಕಂಡದ್ದು: ಒಳಗೆ ಆರು ಜನ, ಏಪ್ರನ್ ಮೂರು, ಅದರಲ್ಲಿ ಒಂದನ್ನು ಸ್ಟೂಲಿನ ಮೇಲೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಸರ್ಜನ್, ಅರಿವಳಿಕೆ ಡಾಕ್ಟರು ಮತ್ತು ಟೆಕ್ನಿಷಿಯನ್‌ಗೆ ಮೂರೂ ಖರ್ಚಾದವು. ರೋಗಿಯ ಭುಜ ಕೆಳಗೆ ಎಳೆದು ಹಿಡಿದು ನಿಂತ ಆಯಾಗೆ ಏನೂ ಇರಲಿಲ್ಲ. ‘ಅಕ್ಕ, ಆಚೆ ಹೋಗಿ ಬನ್ರಿ’ ಎಂದು ನರ್ಸ್ ಹೇಳಿದರೆ ಆಕೆ ನಕ್ಕು, ‘ಇರ್‍ಲಿ ಬಿಡಮ್ಮ, ನಂಗೇನಾಗುತ್ತೆ, ಮಕ್ಳೆಲ್ಲ ಆಗೋಗಿದಾವೆ’ ಅಂದರು. ಮಕ್ಕಳಾಗುವುದಕ್ಕೆ ತೊಂದರೆ, ಅದು ಬಿಟ್ಟರೆ ವಿಕಿರಣದಿಂದ ಏನೂ ಇಲ್ಲ ಎಂಬ ಈ ತಿಳಿವಳಿಕೆಯನ್ನು ಆಕೆಗೆ ಕಲಿಸಿದವರು ಯಾರು? ಎಂಬಿಬಿಎಸ್ ಓದಿದವರೇ. ಮದುವೆಯಾಗದ ಹುಡುಗಿಯರನ್ನು ಹೊರಗೆ ಕಳಿಸಿ, ವಯಸ್ಸಾದವರನ್ನು ಒಳಗೆ ನಿಲ್ಲಿಸುವ ರೂಢಿಯಿಂದ ಕಲಿತದ್ದು ಅದು. ಕ್ಯಾನ್ಸರ್, ಕಣ್ಣಿನ ಪೊರೆ ಯಾರ ಜಾತಕವನ್ನೂ ನೋಡುವುದಿಲ್ಲ.

ಇನ್ನು ಬ್ಯಾಡ್ಜ್. ಓಟಿಯವರು ಎದೆಗೆ, ಏಪ್ರನ್ನಿನ ಒಳಗೆ ಹಾಕಿಕೊಳ್ಳಬೇಕಾದ ಟಿಎಲ್‌ಡಿ ಬ್ಯಾಡ್ಜಿನಲ್ಲಿ ಮೂರು ಪುಟ್ಟ ಬಿಲ್ಲೆಗಳಿರುತ್ತವೆ. ಮೈಗೆ ತಾಗಿದ ವಿಕಿರಣವನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ; ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯದಲ್ಲಿ ಕಾಯಿಸಿದರೆ ಬೆಳಕಾಗಿ ಬಿಟ್ಟುಕೊಡುತ್ತವೆ, ಆ ಬೆಳಕನ್ನು ಅಳೆದು ಲೆಕ್ಕ ಹಾಕುತ್ತಾರೆ. ನಮ್ಮ ದೇಶದಲ್ಲಿ ಈ ಬ್ಯಾಡ್ಜನ್ನು ರೂಪಿಸಿ 1970ರ ದಶಕದಲ್ಲಿ ಬಳಕೆಗೆ ತಂದದ್ದು ಯಾರು ಗೊತ್ತೆ? ಉಳ್ಳಾರ್ತಿಯ ಬೇಲಿಯೊಳಗಿರುವ ಅದೇ ಬಿಎಆರ್‌ಸಿ. ಯಾರ ಹೆಸರು ಕೇಳಿದರೆ ನಮ್ಮವರು ಬೆಚ್ಚುತ್ತಾರೋ ಅವರು ಮಾಡಿಕೊಟ್ಟ ಕಾವಲುಗಾರ, ನಾವು ನೆಚ್ಚುವ ಆಸ್ಪತ್ರೆಯಲ್ಲಿ ಮೇಜಿನ ಡ್ರಾಯರಿನೊಳಗೆ ಬೀಗ ಹಾಕಿಸಿಕೊಂಡು ಕೂತಿದ್ದಾನೆ. ‘ಕಳೆದುಹೋದರೆ ದಂಡ ಕಟ್ಟಬೇಕು, ಅದಕ್ಕೇ ಜೋಪಾನವಾಗಿಟ್ಟಿದ್ದೇವೆ’ ಎಂಬ ಸಮಜಾಯಿಷಿ. ಮೂರು ತಿಂಗಳ ನಂತರ ವರದಿ ಬರುತ್ತದೆ: ಸೊನ್ನೆ. ಎಲ್ಲರೂ ಕ್ಷೇಮ. ಆ ಸೊನ್ನೆಯನ್ನೇ ತೋರಿಸಿ ‘ನೋಡಿ, ಸಿ-ಆರ್ಮ್‌ನಿಂದ ಏನೂ ಆಗಲ್ಲ’ ಎಂದು ವಾದಿಸುವವರನ್ನೂ ನೋಡಿದ್ದೇನೆ.

ಕಾನೂನಿನಲ್ಲೂ ಒಂದು ವಿಪರ್ಯಾಸವಿದೆ. ಅಣುಶಕ್ತಿ ನಿಯಂತ್ರಣ ಮಂಡಳಿ, ಎಇಆರ್‌ಬಿ, ಹುಟ್ಟಿದ್ದು 1983ರ ನವೆಂಬರಿನಲ್ಲಿ. 2000ದಲ್ಲಿ ಬಿಎಆರ್‌ಸಿಯ ಘಟಕಗಳ ಸುರಕ್ಷತಾ ಮೇಲ್ವಿಚಾರಣೆಯನ್ನು ಅದರ ಕೈಯಿಂದ ತೆಗೆದು ಬಿಎಆರ್‌ಸಿಯದೇ ಒಳಸಮಿತಿಗೆ ಒಪ್ಪಿಸಲಾಯಿತು. ಎಂದರೆ ಉಳ್ಳಾರ್ತಿಯ ಬಗ್ಗೆ ಊರವರು ಕೇಳಿದರೆ ಉತ್ತರ ಹೇಳಬೇಕಾದ ಸ್ವತಂತ್ರ ಸಂಸ್ಥೆಯೇ ಇಲ್ಲ; ಆ ಸಿಟ್ಟು ಸಕಾರಣವಾದದ್ದು. ಆದರೆ ಆಸ್ಪತ್ರೆಯ ಸಿ-ಆರ್ಮ್ ಮಟ್ಟಿಗೆ ಎಇಆರ್‌ಬಿಗೆ ಪೂರ್ತಿ ಅಧಿಕಾರವಿದೆ. ಪರವಾನಗಿ ಬೇಕು, ಯಂತ್ರದ ಗುಣಮಟ್ಟ ಪರೀಕ್ಷೆ ಆಗಬೇಕು, ಬ್ಯಾಡ್ಜ್ ಇರಬೇಕು, ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ಮೀರಬಾರದು. ಇಷ್ಟೆಲ್ಲ ಬರೆದಿಟ್ಟ ಮೇಲೂ 2012ರಲ್ಲಿ ಮಹಾಲೇಖಪಾಲರು ಲೆಕ್ಕ ತೆಗೆದಾಗ ಕಂಡದ್ದೇನು? ದೇಶದಲ್ಲಿದ್ದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ 52,173 ನೋಂದಣಿಯೇ ಇಲ್ಲದೆ ನಡೆಯುತ್ತಿದ್ದವು. ನೂರಕ್ಕೆ 91. ಪ್ರತಿ ರಾಜ್ಯದಲ್ಲೂ ವಿಕಿರಣ ಸುರಕ್ಷತಾ ನಿರ್ದೇಶನಾಲಯ ಇರಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿತ್ತು. ಆ ವರದಿ ಬರುವ ಹೊತ್ತಿಗೆ ಅದನ್ನು ಮಾಡಿದ್ದು ಕೇರಳ ಮತ್ತು ಮಿಜೋರಾಂ ಮಾತ್ರ. ವರದಿಯ ಬಿಸಿ ತಾಗಿದ ಮೇಲೆ ಆನ್‌ಲೈನ್ ನೋಂದಣಿ ಶುರುವಾಯಿತು, ಕಾಗದಪತ್ರ ಸುಧಾರಿಸಿತು. ಉಳ್ಳಾರ್ತಿಗಾಗಿ ನಾವು ಮಾಡಿದ ಧರಣಿಯ ನೂರರಲ್ಲೊಂದು ಪಾಲನ್ನು ಈ 91ಕ್ಕಾಗಿ ಯಾರಾದರೂ ಮಾಡಿದ್ದುಂಟೆ?

‘ಅಷ್ಟಕ್ಕೂ ಒಂದು ಆಪರೇಷನ್ನಿನಲ್ಲಿ ಬೀಳೋದು ಅತ್ಯಲ್ಪ, ಅದಕ್ಕೆ ಇಷ್ಟು ಗದ್ದಲವೇ’ ಎಂಬ ಆಕ್ಷೇಪಕ್ಕೆ ಗೌರವ ಕೊಟ್ಟೇ ಉತ್ತರಿಸಬೇಕು. ಒಬ್ಬ ರೋಗಿಗೆ, ಒಂದು ಸಲಕ್ಕೆ, ಅಲ್ಪವೇ. ನಡೆಯಲಾಗದವನು ನಡೆಯುವಂತಾದರೆ ಆ ಅಲ್ಪ ಅಪಾಯಕ್ಕೆ ನಾನೂ ಸಹಿ ಹಾಕುತ್ತೇನೆ. ಆದರೆ ಅಲ್ಪ ಅಲ್ಪ ಸೇರಿ ಏನಾಗುತ್ತದೆ ಎಂಬುದಕ್ಕೆ ಬೆನ್ನುಮೂಳೆಯ ಚರಿತ್ರೆಯಲ್ಲೇ ದಾಖಲೆ ಇದೆ. ಬೆನ್ನು ಓರೆಯಾಗಿ ಬೆಳೆಯುವ ಸ್ಕೋಲಿಯೋಸಿಸ್ ಹೆಚ್ಚಾಗಿ ಕಾಡುವುದು ಹದಿಹರೆಯದ ಹುಡುಗಿಯರನ್ನು. ಬಾಗು ಹೆಚ್ಚಿತೇ ಎಂದು ನೋಡಲು ಕೆಲವು ತಿಂಗಳಿಗೊಮ್ಮೆ ಎಕ್ಸ್‌ರೇ. ಅಮೆರಿಕದಲ್ಲಿ 1912ರಿಂದ 1965ರವರೆಗೆ ಹೀಗೆ ಪತ್ತೆಯಾದ 5,573 ಹೆಣ್ಣುಮಕ್ಕಳ ದಾಖಲೆಗಳನ್ನು ಹುಡುಕಿ ತೆಗೆದರು. ಒಬ್ಬೊಬ್ಬರಿಗೆ ಸರಾಸರಿ ಇಪ್ಪತ್ತೈದರ ಹತ್ತಿರ ಎಕ್ಸ್‌ರೇಗಳಾಗಿದ್ದವು. ಸ್ತನ ಕ್ಯಾನ್ಸರ್‌ನಿಂದ ಸಾಯಬಹುದೆಂದು ನಿರೀಕ್ಷಿಸಿದ್ದು 46 ಜನ, ಸತ್ತದ್ದು 77. ಇದೂ 2000ದಲ್ಲೇ, ಅದೇ ‘ಸ್ಪೈನ್’ ಪತ್ರಿಕೆಯಲ್ಲೇ ಬಂತು. ಪ್ರತಿ ಎಕ್ಸ್‌ರೇ ತೆಗೆದವನೂ ‘ಅತ್ಯಲ್ಪ’ ಎಂದೇ ಹೇಳಿರಬೇಕು, ಮತ್ತು ಅವನು ಸುಳ್ಳನೂ ಅಲ್ಲ.

ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಒಂದು ನನಗೆ ತುಂಬ ಇಷ್ಟ. ಮೊದಲು ಹುಡುಗಿಯನ್ನು ಟ್ಯೂಬಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಎದೆಗೆ ಕಿರಣ ನೇರವಾಗಿ ಬೀಳುತ್ತಿತ್ತು. ಈಗ ಬೆನ್ನು ಮಾಡಿ ನಿಲ್ಲಿಸುತ್ತಾರೆ. ಕಿರಣ ಬೆನ್ನಿನಿಂದ ಒಳಹೊಕ್ಕು ಎದೆಗೆ ಬರುವಷ್ಟರಲ್ಲಿ ಬಹಳ ಕುಗ್ಗಿರುತ್ತದೆ, ಚಿತ್ರವೂ ಕೆಲಸಕ್ಕೆ ಬರುವಷ್ಟು ಚೆನ್ನಾಗಿರುತ್ತದೆ. ಹಿಂದುಮುಂದಾಗಿ ನಿಲ್ಲುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಆಮೇಲೆ ನೊಬೆಲ್ ಪುರಸ್ಕೃತ ಜಾರ್ಜ್ ಶಾರ್ಪಾಕ್ ಅವರ ಸಂಶೋಧನೆಯಿಂದ ಇಓಎಸ್ ಎಂಬ ಕಡಿಮೆ ವಿಕಿರಣದ ಯಂತ್ರವೂ ಬಂತು, ಒಳ್ಳೆಯದೇ. ಆದರೆ ಅದು ಬರುವ ಮೊದಲೇ ಪುಕ್ಕಟೆ ಉಪಾಯ ಇತ್ತು.

ಈಗ ರೋಬೋಟಿನ ವಿಷಯ. ಸ್ಕ್ರೂವಿಗೆ ದಾರಿ ತೋರುವ ನ್ಯಾವಿಗೇಷನ್, ಓ-ಆರ್ಮ್, ರೋಬೋಟ್ ಇವುಗಳ ವಿರುದ್ಧ ನನಗೆ ದ್ವೇಷವಿಲ್ಲ. ತಿರುಚಿಕೊಂಡ ಬೆನ್ನಿನಲ್ಲಿ, ಎರಡನೇ ಸಲ ಮಾಡುವ ಆಪರೇಷನ್ನಿನಲ್ಲಿ ಅವು ನಿಜವಾಗಿ ನೆರವಾಗುತ್ತವೆ. ನನ್ನ ಜಗಳ ‘ವಿಕಿರಣ ಕಡಿಮೆ’ ಎಂಬ ಅರ್ಧ ವಾಕ್ಯದ ಜತೆ. ಯಾರಿಗೆ ಕಡಿಮೆ? ಓ-ಆರ್ಮ್‌ನಂಥ ಯಂತ್ರದಿಂದ ಓಟಿಯಲ್ಲೇ ಸಿಟಿ ತರಹದ ಸ್ಕ್ಯಾನ್ ತೆಗೆಯುವಾಗ ಸರ್ಜನ್ ಮತ್ತು ತಂಡ ಹೊರಗೆ ಹೋಗಿ ನಿಲ್ಲುತ್ತಾರೆ. ಅವರಿಗೆ ಸೊನ್ನೆಯ ಹತ್ತಿರ. ಟೇಬಲ್ಲಿನ ಮೇಲೆ ಮಲಗಿದವನು ಎಲ್ಲಿಗೂ ಹೋಗುವಂತಿಲ್ಲ. ಸೊಂಟದ ಸಾಮಾನ್ಯ ಸಿಟಿ ಸ್ಕ್ಯಾನ್ ಎಂದರೆ ಐದಾರು ಮಿಲಿಸೀವರ್ಟ್ ಆಸುಪಾಸು. ನೆಲ, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ವರ್ಷಪೂರ್ತಿ ಬರುವುದು ಜಾಗತಿಕ ಸರಾಸರಿಯಲ್ಲಿ 2.4. ಓಟಿಯ ಯಂತ್ರದಲ್ಲಿ ಇದನ್ನು ಬಹಳ ಇಳಿಸಬಹುದು, ಯಾರಾದರೂ ಕೂತು ಇಳಿಸಿದರೆ. ಮತ್ತೆ ಬಂದದ್ದು ಅಲ್ಲಿಗೇ: ಗುಂಡಿ ಒತ್ತುವವನಿಗೆ ಗೊತ್ತಿರಬೇಕು. ವೈದ್ಯರ ಪಾಲನ್ನು ರೋಗಿಗೆ ವರ್ಗಾಯಿಸಿ ‘ಉಳಿತಾಯ’ ಎಂದು ಹೆಸರಿಡುವುದಾದರೆ ಅದನ್ನು ಸಹಿ ಹಾಕಿಸಿಕೊಳ್ಳುವ ಮೊದಲು ರೋಗಿಗೆ ಹೇಳಬೇಕು.

‘ಕೀಹೋಲ್’ ಆಪರೇಷನ್ನಿನ ಜಾಹೀರಾತಿನದೂ ಇದೇ ಕತೆ. ಸಣ್ಣ ಗಾಯ, ಬೇಗ ಮನೆಗೆ. ಸರಿ. ಗಾಯ ಸಣ್ಣದಾದಷ್ಟೂ ಸರ್ಜನ್ ಕಣ್ಣಿನಿಂದ ನೋಡುವುದು ಕಡಿಮೆ, ಕಿರಣದಿಂದ ನೋಡುವುದು ಹೆಚ್ಚು, ಇದನ್ನು ಮಾತ್ರ ಬ್ಯಾನರಿನಲ್ಲಿ ಬರೆಯುವುದಿಲ್ಲ. ಇತ್ತ ರೋಗಿಯ ಕಡೆಯವರೂ ಕಡಿಮೆಯಿಲ್ಲ. ವಿಕಿರಣವೇ ಇಲ್ಲದ ಎಂಆರ್‌ಐಗೆ ಅದರ ಸದ್ದು ಕೇಳಿ ಹೆದರುತ್ತಾರೆ, ಸದ್ದಿಲ್ಲದ ಸಿಟಿಯನ್ನು ‘ಅದನ್ನೂ ಒಂದು ಮಾಡಿಸಿಬಿಡಿ ಸಾರ್’ ಎಂದು ಕೇಳಿ ಮಾಡಿಸಿಕೊಳ್ಳುತ್ತಾರೆ.

ರೋಬೋಟ್, ಹೆಜ್ಜೆಹೆಜ್ಜೆಗೂ ಕಿರಣ ಇಲ್ಲದೆಯೂ ಆಪರೇಷನ್ ನಡೆಯುತ್ತದೆಯೇ? ಲೆಂಕೆ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎದೆಭಾಗದ ಬೆನ್ನುಮೂಳೆಗೆ 3,204 ಸ್ಕ್ರೂಗಳನ್ನು ಮೂಳೆಯ ಗುರುತು ಹಿಡಿದು ಕೈಯಂದಾಜಿನಲ್ಲೇ ಹಾಕಿದ್ದರು. ಸ್ಕ್ರೂಗಳಿಂದ ನರಕ್ಕೆ ಪೆಟ್ಟಾದ ಪ್ರಸಂಗ ಅದರಲ್ಲಿರಲಿಲ್ಲ. ಅಂಥ ಕೈ ಎಲ್ಲರಿಗೂ ಬರುವುದಿಲ್ಲ, ಹೊಸಬರು ಅದನ್ನು ಅನುಕರಿಸಹೊರಟರೆ ಅನಾಹುತ. ನಾನು ಹೇಳುವುದು ಇಷ್ಟೇ: ಅಂಗರಚನೆಯ ಮೇಲಿನ ಹಿಡಿತ ಹೆಚ್ಚಿದಷ್ಟೂ ‘ಶೂಟ್’ ಕೂಗು ಕಡಿಮೆಯಾಗುತ್ತದೆ. ಅಗತ್ಯವಾದ ಚಿತ್ರವನ್ನು ಬಿಡಬೇಕಿಲ್ಲ. ಮಟ್ಟ ಗುರುತಿಸಲು ಬೇಕು, ಸ್ಕ್ರೂ ದಿಕ್ಕು ನೋಡಲು ಬೇಕು, ಕೊನೆಗೆ ಬೇಕು. ಬೇಡವಾದದ್ದು ಯಾವುದೆಂದರೆ, ಸಿ-ಆರ್ಮನ್ನು ಸರಿಯಾದ ಜಾಗಕ್ಕೆ ತರಲು ಕಿರಣ ಬಿಟ್ಟು ಬಿಟ್ಟು ಹುಡುಕುವುದು. ಚರ್ಮದ ಮೇಲೆ ಪೆನ್ನಿನಿಂದ ಗೆರೆ ಎಳೆದು, ನೆಲದ ಮೇಲೆ ಚಕ್ರದ ಜಾಗಕ್ಕೆ ಟೇಪ್ ಅಂಟಿಸಿದರೆ ಈ ಹುಡುಕಾಟದ ಬಹುಪಾಲು ಹೋಗುತ್ತದೆ. ಪೆಡಲನ್ನು ಒತ್ತಿ ಹಿಡಿದು ಸೆಕೆಂಡಿಗೆ 25 ಚಿತ್ರ ಹರಿಸುವ ಬದಲು ಬಿಟ್ಟುಬಿಟ್ಟು ಕಿರಣ ಕೊಡುವ ಪಲ್ಸ್ ಮೋಡ್ ಹಾಕಬೇಕು. ಕೊನೆಯ ಚಿತ್ರ ಪರದೆಯ ಮೇಲೆ ನಿಂತೇ ಇರುತ್ತದೆ, ಅದನ್ನು ನೋಡಿ ಯೋಚಿಸಬೇಕು. ಬೇಕಾದಷ್ಟು ಜಾಗಕ್ಕೆ ಕಿಟಕಿ ಕಿರಿದು ಮಾಡಬೇಕು. ಟ್ಯೂಬ್ ಕೆಳಗೆ, ಡಬ್ಬಿ ರೋಗಿಯ ಮೈಗೆ ಹತ್ತಿರ. ಅಡ್ಡ ಚಿತ್ರಕ್ಕೆ ಡಬ್ಬಿಯ ಬದಿಯಲ್ಲಿ ನಿಲ್ಲಬೇಕು, ಆಗದಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯಬೇಕು. ದೂರ ಎರಡು ಪಟ್ಟಾದರೆ ವಿಕಿರಣ ಸುಮಾರು ಕಾಲುಭಾಗಕ್ಕಿಳಿಯುತ್ತದೆ. ಆಯಾ ಏಪ್ರನ್ ಇಲ್ಲದೆ ಇದ್ದರೆ ಗೋಡೆಯ ಹತ್ತಿರಕ್ಕಲ್ಲ, ಬಾಗಿಲಾಚೆಗೆ.

ಟೆಕ್ನಿಷಿಯನ್ ಬಗ್ಗೆ ಒಂದು ಮಾತು. ಬೆನ್ನಿನ ಆಪರೇಷನ್ ಗೊತ್ತಿರುವ ಟೆಕ್ನಿಷಿಯನ್ ಇದ್ದಾಗ ಒಂದೇ ಚಿತ್ರಕ್ಕೆ ಆಗುವ ಕೆಲಸ, ಗುತ್ತಿಗೆಯ ಮೇಲೆ ಮೊನ್ನೆ ಸೇರಿ ಇಂದು ಓಟಿಗೆ ಬಂದವನಿದ್ದಾಗ ಆರು ಚಿತ್ರಕ್ಕೂ ಆಗುವುದಿಲ್ಲ. ಸರ್ಜನ್ ‘ಸ್ವಲ್ಪ ತಲೆ ಕಡೆ’ ಎಂದರೆ ರೋಗಿಯ ತಲೆಯೋ ಯಂತ್ರದ ತಲೆಯೋ ಎಂದು ತಡಕಾಡುವ ಪ್ರತಿ ತಡಕಾಟವೂ ಒಂದು ಶೂಟ್. ಇಬ್ಬರೂ ಒಂದೇ ಭಾಷೆಯಲ್ಲಿ ಮಾತಾಡಲು ಒಂದು ಮಧ್ಯಾಹ್ನ ಕೂತು ಪದಗಳನ್ನು ಗೊತ್ತುಮಾಡಿಕೊಂಡರೆ ಸಾಕು. ಕೆಲಸ ಬಲ್ಲ ಟೆಕ್ನಿಷಿಯನ್‌ಗೆ ಕಾಯಂ ಹುದ್ದೆ ಕೊಡಲು ದುಡ್ಡಿಲ್ಲ ಎನ್ನುವ ಆಡಳಿತವೇ ಕೋಟಿಗಳ ಯಂತ್ರಕ್ಕೆ ಪ್ರಸ್ತಾವ ಕಳಿಸುತ್ತದೆ.

ಕುದಾಪುರದವರು ಬೆನ್ನಿನ ಸರ್ಜನ್‌ರನ್ನು ಹುಡುಕಿ ಹೋಗುವುದು ಬಳ್ಳಾರಿಗೋ ದಾವಣಗೆರೆಗೋ ಬೆಂಗಳೂರಿಗೋ. ಆಯುಷ್ಮಾನ್ ಕಾರ್ಡ್ ಹಿಡಿದು ಹೋದವನು ಡಿಸ್ಚಾರ್ಜ್ ಸಾರಾಂಶ ಹಿಡಿದು ವಾಪಸಾಗುತ್ತಾನೆ. ಅದರಲ್ಲಿ ಸ್ಕ್ರೂ ಎಷ್ಟು, ಯಾವ ಕಂಪನಿಯದು, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಎಲ್ಲ ಇರುತ್ತದೆ. ಎಷ್ಟು ಹೊತ್ತು ಕಿರಣ ಬಿಟ್ಟರು ಎಂಬುದು ಇರುವುದಿಲ್ಲ, ಸಿ-ಆರ್ಮ್‌ನ ಪರದೆಯ ಮೇಲೆ ಅದು ಅಂಕಿಯಾಗಿ ಕಾಣುತ್ತಲೇ ಇದ್ದರೂ. ಆ ಅಂಕಿಯನ್ನು ಬರೆದುಕೊಡಿ ಎಂದು ಸರ್ಕಾರ ಆಯುಷ್ಮಾನ್ ಪ್ಯಾಕೇಜಿನ ಷರತ್ತಿಗೆ ಒಂದು ಸಾಲು ಸೇರಿಸಬಹುದು. ಬರೆಯಬೇಕಾಗಿ ಬಂದರೆ ಯಾವ ಓಟಿಯಲ್ಲಿ ಒಂದೇ ಬಗೆಯ ಆಪರೇಷನ್ನಿಗೆ ಒಂದು ನಿಮಿಷ, ಯಾವುದರಲ್ಲಿ ಆರು ನಿಮಿಷ ಎಂಬುದು ಆ ತಂಡಗಳಿಗೇ ಗೊತ್ತಾಗುತ್ತದೆ. ಸರ್ಜನ್‌ಗಳು ಪರಸ್ಪರ ಅಂಕಿ ನೋಡಿಕೊಂಡಾಗ ಆಗುವ ಬದಲಾವಣೆ ಸುತ್ತೋಲೆಯಿಂದ ಆಗುವುದಿಲ್ಲ.

ಮತ್ತೆ, ಕುದಾಪುರದ 1,500 ಎಕರೆಯೊಳಗೆ ವಿಜ್ಞಾನ ಸಂಸ್ಥೆಯ ಪ್ರತಿಭಾ ವಿಕಾಸ ಕೇಂದ್ರ ಇದೆ. ಶಾಲಾ ಕಾಲೇಜಿನ ಮೇಷ್ಟ್ರುಗಳು ಅಲ್ಲಿ ಬಂದು ಉಳಿದುಕೊಂಡು ಪ್ರಯೋಗ ಕಲಿತು ಹೋಗುತ್ತಾರೆ. ಚಿತ್ರದುರ್ಗ, ಬಳ್ಳಾರಿ, ದಾವಣಗೆರೆ, ತುಮಕೂರು ಜಿಲ್ಲೆಗಳ ಓಟಿ ಟೆಕ್ನಿಷಿಯನ್, ನರ್ಸ್, ಆಯಾಗಳನ್ನು ಅದೇ ರೀತಿ ತಂಡತಂಡವಾಗಿ ಕರೆಸಿ, ಒಂದು ಹಳೆಯ ಸಿ-ಆರ್ಮ್, ರೋಗಿಯ ಬದಲಿಗೆ ಒಂದು ನೀರಿನ ಕ್ಯಾನು, ಒಂದು ಅಳೆಯುವ ಉಪಕರಣ ಇಟ್ಟು ತೋರಿಸಿದರೆ ಎರಡು ದಿನದ ಪಾಠ. ಟ್ಯೂಬಿನ ಬದಿಯಲ್ಲಿ ಮುಳ್ಳು ಎಲ್ಲಿಗೆ ಏರುತ್ತದೆ, ಡಬ್ಬಿಯ ಬದಿಯಲ್ಲಿ ಎಲ್ಲಿಗೆ ಇಳಿಯುತ್ತದೆ ಎಂದು ತಮ್ಮ ಕಣ್ಣಿಂದ ನೋಡಿದವರಿಗೆ ಬೇರೆ ಉಪನ್ಯಾಸ ಬೇಕಿಲ್ಲ. ಬ್ಯಾಡ್ಜ್ ಮಾಡಿದ ಸಂಸ್ಥೆಗೆ ಉಳ್ಳಾರ್ತಿಯಲ್ಲೇ ಜಾಗವಿದೆ, ಅದರವರನ್ನೂ ಕರೆಯಬಹುದು. ಕಾವಲು ಕಳೆದುಕೊಂಡ ಊರುಗಳಿಗೆ ಈ ಸಂಸ್ಥೆಗಳು ಏನು ಕೊಟ್ಟಿವೆ ಎಂಬ ಪ್ರಶ್ನೆ ಗ್ರಾಮಸಭೆಗಳಲ್ಲಿ ಏಳುತ್ತಲೇ ಇರುತ್ತದೆ. ಮುಂದಿನ ಸಲ ಎದ್ದಾಗ ರಸ್ತೆ, ನೀರು, ಕೆಲಸದ ಬೇಡಿಕೆಗಳ ಜತೆಗೆ ಈ ಎರಡು ದಿನದ ಪಾಠವನ್ನೂ ಪಟ್ಟಿಗೆ ಸೇರಿಸಿ, ಸಂಸ್ಥೆಯ ಉತ್ತರವನ್ನು ಲಿಖಿತವಾಗಿ ಕೇಳಬೇಕು.